ಬಾಡಿಲ್ಲದ ಎಡೆ

ಬೆಂಗಳೂರಿನ ಶ್ರೀನಗರದ ಬಸ್ ನಿಲ್ದಾಣದಿಂದ ಕೆಳಗಿಳಿದರೆ ಎಡಗಡೆಗೆ ಒಂದು ಕೋಳಿ ಅಂಗಡಿ ಇದೆ. ಅದಕ್ಕೆ ಬೋರ್ಡಿಲ್ಲ. ಮರಿಯಮ್ಮನ ಅಂಗಡಿ ಎಂದರೆ ಆ ಸುತ್ತಿನವರಿಗೆಲ್ಲ ಗೊತ್ತು. ಮರಿಯಮ್ಮ ಕೋಳಿಯ ಎರಡೂ ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಎಡಗೈಯಲ್ಲಿ ಹಿಡಿಯುತ್ತಾಳೆ. ಅದೇ ಕೈಯ ಹೆಬ್ಬೆರಳಿನಿಂದ ಅದರ ತಲೆಯನ್ನು ಬಾಗಿಸುತ್ತಾಳೆ. ಚಾಕುವನ್ನು ಒಂದೇ ಸಲ ಎಳೆಯುತ್ತಾಳೆ. ಆಮೇಲೆ ಅದನ್ನು ನೀಲಿ ಡ್ರಮ್ಮಿಗೆ ಹಾಕಿ ಮುಚ್ಚಳ ಮುಚ್ಚುತ್ತಾಳೆ. ಒಳಗೆ ಅದು ಬಡಿದುಕೊಳ್ಳುವಾಗ ಗಿರಾಕಿಗಳು ಮೊಬೈಲ್ ನೋಡುತ್ತಾರೆ.

"ಆಂಟಿ, ಇನ್ನೂ ಒದ್ದಾಡ್ತಾ ಇದೆಯಲ್ಲ," ಎಂದು ಯಾರಾದರೂ ಹೊಸಬರು ಕೇಳಿದರೆ, "ಒದ್ದಾಡ್ಲಿ ಬುಡಪ್ಪ. ಅದರ ಜೀವ, ಅದರಿಷ್ಟ," ಎನ್ನುತ್ತಾಳೆ.

ಈ ಕೆಲಸ ಕಲಿಸಿದವನು ಗಂಡ. ಮದುವೆಯಾಗಿ ಸುದ್ದಗುಂಟೆಪಾಳ್ಯದಿಂದ ಶ್ರೀನಗರಕ್ಕೆ ಬಂದಾಗ ಮರಿಯಮ್ಮನಿಗೆ ಇಪ್ಪತ್ತು ತುಂಬಿರಲಿಲ್ಲ. ಗಂಡ ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಒಮ್ಮೆ ತಕ್ಕಡಿಯ ತೂಕದ ಕಲ್ಲನ್ನು ಎಸೆದ. ಮುಂದಿನ ಎರಡು ಹಲ್ಲು ಹೋದವು. ಆ ಬಾಯಿಯಲ್ಲೇ ಆಕೆ ರಕ್ತ ಉಗಿಯುತ್ತ ಎದ್ದು ಬಂದು, ಕೋಳಿಯನ್ನು ಹಿಡಿಯುವ ಹಾಗೆಯೇ ಅವನ ಗದ್ದಕ್ಕೆ ಹೆಬ್ಬೆರಳು ಕೊಟ್ಟು ತಲೆ ಬಾಗಿಸಿ, ಚಾಕುವನ್ನು ಕುತ್ತಿಗೆಗೆ ಇಟ್ಟಳು. "ಇನ್ನೊಂದು ಸಲ ಕೈ ಎತ್ತು, ನೋಡೋಣ," ಎಂದಳು. ಅವನು ಎತ್ತಲಿಲ್ಲ. ಕೆಲವು ವರ್ಷಗಳ ಮೇಲೆ ಲಿವರ್ ಕೆಟ್ಟು ಸತ್ತ. ಅಂಗಡಿ ಮರಿಯಮ್ಮನದಾಯಿತು. ಮಕ್ಕಳಿರಲಿಲ್ಲ.

ಗಂಡನ ಮೇಲೆ ಆಕೆಗೆ ಅಷ್ಟಾಗಿ ದ್ವೇಷವಿರಲಿಲ್ಲ. ಆಕೆ ದ್ವೇಷಿಸುತ್ತಿದ್ದದ್ದು ಬೇರೊಬ್ಬನನ್ನು. ಬೆಳಿಗ್ಗೆ ಮೊದಲ ಕೋಳಿಯ ಕತ್ತು ಹಿಡಿದಾಗ ಅದು ಅವನ ಕತ್ತು ಎಂದುಕೊಳ್ಳುತ್ತಿದ್ದಳು. ಅವನ ಹೆಸರು ಸಂಗಮೇಶ.

ಎಂಬತ್ತರ ದಶಕದಲ್ಲಿ ಸುದ್ದಗುಂಟೆಪಾಳ್ಯದ ಪಕ್ಕದ ಹೊಲಗಳೆಲ್ಲ ಬಿಟಿಎಂ ಲೇಔಟ್ ಆಗುತ್ತಿದ್ದವು. ರಾಗಿ ಬೆಳೆಯುತ್ತಿದ್ದ ಕಡೆ ರಸ್ತೆಯ ಗುರುತು ಬಿತ್ತು. ಚರಂಡಿಗೆ ಕಲ್ಲುಚಪ್ಪಡಿ ಹಾಸಲು ಬಾಗಲಕೋಟೆ ಕಡೆಯ ಒಂದು ಗುಂಪು ಬಂದಿತ್ತು. ಸಂಗಮೇಶ ಆ ಗುಂಪಿನವನು. ಮರಿಯಮ್ಮನ ಮನೆಯ ಹಿತ್ತಿಲಿನಲ್ಲಿ ಸೇದುವ ಬಾವಿ ಇತ್ತು. ಕುಡಿಯುವ ನೀರಿಗೆ ಅವರೆಲ್ಲ ಅಲ್ಲಿಗೇ ಬರುತ್ತಿದ್ದರು. ಉಳಿದ ಚಪ್ಪಡಿಗಳನ್ನು ಮೇಸ್ತ್ರಿ ಅದೇ ಹಿತ್ತಿಲಿನಲ್ಲಿ ಒಟ್ಟಿಸಿದ್ದ.

ಸಂಗಮೇಶ ಮಧ್ಯಾಹ್ನ ಬಾವಿಕಟ್ಟೆಯ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದ. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಈರುಳ್ಳಿಯನ್ನು ಚಪ್ಪಡಿಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯುತ್ತಿದ್ದ. ಮರಿಯಮ್ಮ ನೀರು ಸೇದುತ್ತ ನಗುತ್ತಿದ್ದಳು.

"ಈರುಳ್ಳಿ ಏನ್ ಮಾಡ್ತು ನಿಂಗೆ? ಹಂಗ್ಯಾಕೆ ಹೊಡೀತೀಯ?"

"ಗುದ್ದಿದರ ಖಾರ ಹೋಗತೈತ್ರಿ. ನಿಮ್ಮ ಊರಾಗ ಮುದ್ದಿ ನುಂಗತೀರಿ. ನುಂಗಾಕ ಹಲ್ಲ ಯಾಕ ಬೇಕು? ದೇವರು ನಿಮಗ ಹಲ್ಲ ದಂಡಕ್ಕ ಕೊಟ್ಟಾನ."

"ಲೇ, ಮುದ್ದೆ ತಿಂದೋರ ಕೈಲಿ ಏಟು ತಿಂದು ನೋಡು, ಹಲ್ಲು ಯಾಕೆ ಬೇಕು ಅಂತ ಗೊತ್ತಾಯ್ತದೆ."

ಒಂದು ದಿನ ಆಕೆ ಮನೆಯ ಬಾಡಿನ ಸಾರನ್ನು ಬಟ್ಟಲಲ್ಲಿ ತಂದುಕೊಟ್ಟಳು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ಅವನ ಮನೆಯಲ್ಲಿ ಮಾಂಸ ತಿನ್ನುತ್ತಿರಲಿಲ್ಲ. ಬಟ್ಟಲಿನ ಬಿಸಿಗೆ ಆಕೆಯ ಬೆರಳು ಸುಡುತ್ತಿರುವುದನ್ನು ನೋಡಿ, ಮಾಂಸದ ಬಟ್ಟಲನ್ನೇ ತನ್ನ ಟವೆಲ್ಲಿನಲ್ಲಿ ಹಿಡಿದು ಕೆಳಗಿಟ್ಟ. ಆಮೇಲೆ ಟವೆಲ್ಲನ್ನು ಒಗೆದ. ಅವನ ಮೇಲೆ ಮನಸ್ಸಾದದ್ದು ಅಂದೇ ಎಂದು ಮರಿಯಮ್ಮ ಹೇಳುತ್ತಾಳೆ.

ಮರಿಯಮ್ಮನ ತಂದೆ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ ಚೌಡಮ್ಮ ಮತ್ತು ಅಣ್ಣ ಬೈರಣ್ಣ. "ಶುಕ್ರವಾರ ಬಂದು ನಿಮ್ಮ ಅವ್ವಾರನ್ನ ಕೇಳತೀನಿ," ಎಂದು ಸಂಗಮೇಶ ಹೇಳಿದ. ಯಾರು ಮನೆಗೆ ಸುದ್ದಿ ಮುಟ್ಟಿಸಿದರೋ ತಿಳಿಯದು. ಗುರುವಾರವೇ ಮರಿಯಮ್ಮನನ್ನು ಮಡಿವಾಳದ ಸೋದರತ್ತೆಯ ಮನೆಗೆ ಕಳಿಸಿದರು. ಆಷಾಢ ಮುಗಿಯುವ ತನಕ ಅಲ್ಲಿಯೇ ಇಟ್ಟರು. ವಾಪಸು ಬಂದಾಗ ಚರಂಡಿ ಕೆಲಸ ಮುಗಿದಿತ್ತು, ಗುಂಪು ಹೊರಟುಹೋಗಿತ್ತು. ಹಿತ್ತಿಲಿನ ಬಾವಿಯನ್ನು ಮುಚ್ಚಿದ್ದರು. ನಲ್ಲಿ ನೀರು ಬರುತ್ತದೆಂದು ಊರಲ್ಲಿ ಇನ್ನೂ ಹಲವರು ಬಾವಿ ಮುಚ್ಚಿದ್ದರು. ಆಕೆ ಬಾವಿಯ ಬಗ್ಗೆ ಯೋಚಿಸಲೇ ಇಲ್ಲ.

"ಅವುನ್ಗೆ ಊರಲ್ಲಿ ಹೆಂಡ್ತಿ ಅವ್ಳಂತೆ," ಎಂದ ಬೈರಣ್ಣ. "ನಾನು ಕೇಳಿದ್ದುಕ್ಕೆ ರಾತ್ರೋರಾತ್ರಿ ಬೊಂಬಾಯಿಗೆ ಓಡೋದ. ನಿನ್ನ ಪುಣ್ಯ."

ಚೌಡಮ್ಮ ಮಗಳ ತಲೆ ಸವರಿದಳು. ಶ್ರಾವಣದಲ್ಲಿ ಶ್ರೀನಗರದ ಗಂಡಿಗೆ ಕೊಟ್ಟು ಮದುವೆ ಮಾಡಿದರು.

ಬೈರಣ್ಣನ ಬದುಕು ಮುಂದೆ ಬೇರೆ ರೀತಿ ಆಯಿತು. ಹೊಲ ಹೋಯಿತು, ಮನೆಯ ಜಾಗಕ್ಕೆ ಬೆಲೆ ಬಂತು. ಮುಂದುಗಡೆ ನಾಲ್ಕು ಮಹಡಿ ಕಟ್ಟಿ ಹುಡುಗರ ಪಿ.ಜಿ.ಗೆ ಕೊಟ್ಟ. ಹಿತ್ತಿಲಿನಲ್ಲಿ ಮಾತ್ರ ಏನೂ ಕಟ್ಟಲಿಲ್ಲ. ಒಂದು ಕೊಟ್ಟಿಗೆ, ಎರಡು ಹಸು. ಆ ಜಾಗದಲ್ಲಿ ಯಾಕೆ ಕಟ್ಟುತ್ತಿಲ್ಲ ಎಂದು ಮಗ ನಂದಕುಮಾರ್ ಕೇಳಿ ಕೇಳಿ ಸಾಕಾಗಿದ್ದ. ಕೊನೆಗೆ ಹೋದ ವರ್ಷ ಅಪ್ಪನ ಮಾತು ಮೀರಿ ಅವನೇ ಪ್ಲಾನು ಮಾಡಿಸಿದ. ಪಿತೃಪಕ್ಷ ಕಳೆದ ಮೇಲೆ ಪಾಯ ತೋಡುವುದೆಂದು ನಿಶ್ಚಯವಾಯಿತು.

ಅದೇ ವರ್ಷ ಚೌಡಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಮರಿಯಮ್ಮ ಅಂಗಡಿಯನ್ನು ಕೆಲಸದವನಿಗೆ ಒಪ್ಪಿಸಿ ತವರಿಗೆ ಬಂದಳು. ತಾಯಿಗೆ ಗಂಜಿ ಕುಡಿಸಿದಳು, ಬಟ್ಟೆ ಬದಲಿಸಿದಳು, ಬೆನ್ನಿನ ಹುಣ್ಣು ತೊಳೆದಳು. ಮಾತು ನಿಂತಿದ್ದ ಚೌಡಮ್ಮ ಮಗಳ ಕೈಯನ್ನು ಹಿಡಿದರೆ ಬಿಡುತ್ತಿರಲಿಲ್ಲ. ಆಷಾಢದಲ್ಲಿ ಸತ್ತಳು. ಮಗಳು ಎದೆ ಬಡಿದುಕೊಂಡು ಅತ್ತಳು.

ಹೀಗೆ ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಮರಿಯಮ್ಮ ತವರಿನಲ್ಲಿಯೇ ಇದ್ದಳು. ಮದುವೆಯಾದಂದಿನಿಂದ ಆ ಹಬ್ಬಕ್ಕೆ ತವರಿನಲ್ಲಿ ಇದ್ದದ್ದು ಅದೇ ಮೊದಲು. ಗಂಡನ ಮನೆಯ ಹಿರಿಯರಿಗೆ ಎಡೆ ಇಡಬೇಕಾದ ಹೆಂಗಸು ಅಂದು ತವರಿಗೆ ಬರುವಂತಿಲ್ಲ. ಈ ಸಲ ತಾಯಿಯ ಮೊದಲ ಎಡೆಯೆಂದು ಉಳಿದುಕೊಂಡಿದ್ದಳು.

ಆ ಕಡೆಯ ಮನೆಗಳಲ್ಲಿ ಸತ್ತವರಿಗೆ ಎಡೆ ಇಡುವುದೆಂದರೆ ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಇಡಬೇಕು. ತಂದೆಯ ಎಲೆಗೆ ಮುದ್ದೆ, ಬಾಡಿನ ಸಾರು, ಬ್ರಾಂದಿ, ಬೀಡಿಕಟ್ಟು. ಚೌಡಮ್ಮನ ಎಲೆಗೆ ತಲೆಮಾಂಸ, ಎಲೆಯಡಿಕೆ, ಕಡ್ಡಿಪುಡಿ, ಹೊಸ ಸೀರೆ. ಬಾಡಿಲ್ಲದ ಎಡೆ ಎಡೆಯೇ ಅಲ್ಲ. ಇನ್ನೊಂದು ಮಾತಿದೆ. ಬದುಕಿರುವವರ ಹೆಸರಿನಲ್ಲಿ ಎಡೆ ಇಡಬಾರದು. ಇಟ್ಟರೆ ಅವರ ಸಾವನ್ನು ಕರೆದ ಹಾಗೆ. ಊರು ಬಿಟ್ಟು ಹೋದವನು ಎಷ್ಟು ವರ್ಷ ಬರದಿದ್ದರೂ, ಸತ್ತ ಸುದ್ದಿ ಖಚಿತವಾಗದೆ ಅವನಿಗೆ ಎಲೆ ಹಾಕುವುದಿಲ್ಲ.

ಸಂಜೆ ದೀಪ ಹಚ್ಚಿ, ಧೂಪ ಹಾಕಿ, ಹಿರಿಯರು ಉಣ್ಣಲೆಂದು ನಡುಮನೆಯ ಬಾಗಿಲು ಎಳೆದರು. ಎಲ್ಲರೂ ಹೊರಗೆ ಜಗಲಿಯಲ್ಲಿ ಕುಳಿತರು. ಹಸು ಕೂಗುತ್ತಿದೆ ಎಂದು ಮರಿಯಮ್ಮ ಹಿತ್ತಿಲಿಗೆ ಹೋದಳು.

ಕೊಟ್ಟಿಗೆಯ ಹಿಂದೆ ಬೈರಣ್ಣ ಕುಕ್ಕುರುಗಾಲಲ್ಲಿ ಕುಳಿತಿದ್ದ. ಮುಂದೆ ಒಂದು ಬಾಳೆಯೆಲೆ. ಊದುಬತ್ತಿಯ ಹೊಗೆ. ಎಲೆಯ ಮೇಲೆ ಬಾಡಿರಲಿಲ್ಲ, ಮುದ್ದೆಯೂ ಇರಲಿಲ್ಲ. ಯಾವುದೋ ಖಾನಾವಳಿಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುದ್ದಿ ಒಡೆದ ಒಂದು ಈರುಳ್ಳಿ. ಎಪ್ಪತ್ತರ ಹತ್ತಿರದ ಮುದುಕ ಕೈ ಮುಗಿದುಕೊಂಡು ಎಲೆಯ ಜೊತೆ ಮಾತಾಡುತ್ತಿದ್ದ.

"ಇನ್ಮೇಲೆ ಇಲ್ಲಿ ಜಾಗ ಇರಲ್ಲ ಕಣಪ್ಪ. ಇದೇ ಕೊನೆ. ಉಂಡ್ಕೊಂಡು ನಮ್ಮನ್ನ ಬುಟ್ಬುಡು."

ಮರಿಯಮ್ಮ ಕೊಟ್ಟಿಗೆಯ ಕಂಬ ಹಿಡಿದು ನಿಂತಳು. ಸ್ವಲ್ಪ ಹೊತ್ತು ಆಕೆಗೆ ಏನೂ ಕಾಣಿಸಲಿಲ್ಲವಂತೆ. ಈರುಳ್ಳಿಯ ವಾಸನೆ ಮಾತ್ರ ಬಂತಂತೆ.

"ಅಣ್ಣಯ್ಯ, ಯಾರಿಗಿದು?"

ಬೈರಣ್ಣ ಬೆಚ್ಚಿ ಎದ್ದ. "ಯಾರಿಗೂ ಇಲ್ಲ. ಈ ಹಳೇ ಬಾವೀಲಿ ಗಾಳಿ ಐತೆ ಅಂತ ಶಾಸ್ತ್ರ ಹೇಳೋನು ಹೇಳಿದ್ದ. ಅದುಕ್ಕೆ."

"ಗಾಳಿ ಜೋಳದ ರೊಟ್ಟಿ ಕೇಳ್ತಾ?"

"ಒಳಕ್ಕೆ ನಡಿ."

"ಮನೇಲಿ ಕುರಿ ಕೊಯ್ದವ್ರೆ. ಈ ಎಲೆಗೆ ಬಾಡ್ಯಾಕೆ ಇಕ್ಕಿಲ್ಲ? ಬಾಡು ತಿನ್ನದೆ ಇರೋರು ಈ ಹಿತ್ತಿಲ್ಗೆ ಯಾರು ಬಂದಿದ್ರು? ಬೊಂಬಾಯಿಗೆ ಓಡೋದೋನ್ಗೆ ಯಾಕೆ ಎಡೆ ಇಕ್ಕಿದ್ದೀಯ?"

ಬೈರಣ್ಣ ಹೊಡೆದ. ಮುದುಕನ ಕೈಯಾದರೂ ಏಟು ಜೋರಾಗಿತ್ತು. ಮರಿಯಮ್ಮ ಹಸುವಿಗೆ ನೀರಿಡುವ ಕಲ್ಲುಬಾನಿಯ ಅಂಚಿಗೆ ಬಿದ್ದಳು. ಹುಬ್ಬು ಸೀಳಿ, ರಕ್ತ ಒಂದು ಕಣ್ಣನ್ನು ಮುಚ್ಚಿತು. ಏಳುವಾಗ ಆಕೆಯ ಕೈಗೆ ಗೂಟದಲ್ಲಿದ್ದ ಹುಲ್ಲು ಕೊಯ್ಯುವ ಕುಡುಗೋಲು ಸಿಕ್ಕಿತು. ಅಣ್ಣನನ್ನು ಗೋಡೆಗೆ ಒತ್ತಿ, ಗದ್ದಕ್ಕೆ ಹೆಬ್ಬೆರಳು ಕೊಟ್ಟಳು. ಕುಡುಗೋಲಿನ ಬಾಯಿ ಅವನ ಕುತ್ತಿಗೆಯ ಸಡಿಲ ಚರ್ಮಕ್ಕೆ ತಾಗಿ ಒಂದು ತೆಳು ಗೆರೆ ಕೆಂಪಾಯಿತು.

"ಹೇಳು."

"ಅವ್ವ ಹೊಡುದ್ಲು ಕಣೆ," ಎಂದ ಬೈರಣ್ಣ. ಅವನು ಉಚ್ಚೆ ಹೊಯ್ದುಕೊಂಡಿದ್ದ. "ಶುಕ್ರವಾರ ಬಂದ. ಬಾಳೆಹಣ್ಣು ತಂದಿದ್ದ. ನಾನು ಅವುನ್ನ ಹಿಡ್ಕೊಂಡಿದ್ದೆ ಅಷ್ಟೇ. ಅವ್ವ ಒನಕೆ ತಗಂಡು ತಲೆಗಿಕ್ಕಿದ್ಲು. ಅಲ್ಲೇ ಪ್ರಾಣ ಹೋಯ್ತು. ಸತ್ತ್ ಮೇಲೆ ಬಾವಿಗೆ ಹಾಕಿದ್ವಿ. ಚಾಮುಂಡವ್ವನಾಣೆ, ನಾನು ಕೊಂದಿಲ್ಲ."

ಮರಿಯಮ್ಮ ಕುಡುಗೋಲನ್ನು ಕೆಳಗೆಸೆದಳು. ತಾನು ತಿಂಗಳುಗಟ್ಟಲೆ ಗಂಜಿ ಕುಡಿಸಿದ ಬಾಯಿ, ತೊಳೆದ ಬೆನ್ನು ಆಕೆಯ ಕಣ್ಣ ಮುಂದೆ ಬಂದವು. ಆಕೆ ನಡುಮನೆಗೆ ಹೋಗಿ ಎಳೆದಿದ್ದ ಬಾಗಿಲನ್ನು ಒದ್ದು ತೆರೆದಳು. ತಾಯಿಯ ಎಲೆಯನ್ನು ಸೀರೆ, ಕಡ್ಡಿಪುಡಿ ಸಮೇತ ಎಳೆದು ಅಂಗಳಕ್ಕೆ ಎಸೆದಳು. ನಾಯಿಗಳು ಬಂದವು. ಹುಬ್ಬಿನ ರಕ್ತ ಒರೆಸಿಕೊಳ್ಳದೆ ನಿಂತು ಎಲ್ಲರ ಎದುರಿಗೆ ಹೇಳಿದಳು: "ಅವುನ್ನ ಮೇಲಕ್ಕೆತ್ತಿ ಅವನ ಊರಿಗೆ ಕಳಿಸ್ಬೇಕು. ಅಲ್ಲೀವರ್ಗೂ ಈ ಹಿತ್ತಿಲಲ್ಲಿ ಒಂದು ಹಿಡಿ ಮಣ್ಣು ಆಚೆ ಹೋಗಬಾರ್ದು."

ನಂದಕುಮಾರ್ ಸಮಾಧಾನದ ಮಾತಾಡಿದ. "ಆಯ್ತು ಅತ್ತೆ. ಹಬ್ಬದ ದಿನ ಬೇಡ. ನಾಳೆ ಊರೋರನ್ನ ಕೂರಿಸಿ ಮಾತಾಡೋಣ. ಮೊದ್ಲು ಹಣೆಗೆ ಔಷಧಿ ಹಾಕ್ಸು."

ಮರಿಯಮ್ಮ ಅದನ್ನು ನಂಬಿದಳು.

ಬೆಳಿಗ್ಗೆ ಜೆಸಿಬಿಯ ಸದ್ದಿಗೆ ಎಚ್ಚರವಾಯಿತು. ಕೊಟ್ಟಿಗೆಯ ಶೀಟುಗಳನ್ನು ಆಗಲೇ ಬಿಚ್ಚಿದ್ದರು. ಗೇಟಿನ ಹತ್ತಿರ ಟಿಪ್ಪರ್ ನಿಂತಿತ್ತು. ಹಾಗೆ ತೋಡಿದ ಮಣ್ಣು ಎಲ್ಲಿಗೆ ಹೋಗುತ್ತದೆಂದು ಬೆಂಗಳೂರಿನಲ್ಲಿ ಯಾರೂ ಕೇಳುವುದಿಲ್ಲ. ಯಾವುದೋ ಕೆರೆಯಂಗಳ, ಯಾವುದೋ ಖಾಲಿ ಸೈಟು. ಅದರಲ್ಲಿ ಒಂದು ತಲೆಬುರುಡೆ ಇದ್ದರೂ ಕಲ್ಲಿನ ಜೊತೆ ಉರುಳಿ ಹೋಗುತ್ತದೆ. ಸಂಗಮೇಶನನ್ನು ಎರಡನೇ ಸಲ ಕಳೆದುಕೊಳ್ಳಲು ಒಂದು ಟಿಪ್ಪರ್ ಲೋಡು ಸಾಕು.

ಮರಿಯಮ್ಮ ಹಬ್ಬದ ಕುರಿಗೆಂದು ತರಿಸಿ ಚೀಲದಲ್ಲಿಟ್ಟಿದ್ದ ಅಂಗಡಿಯ ಚಾಕು ತೆಗೆದುಕೊಂಡು, ಬರಿಗಾಲಲ್ಲಿ ಹೋಗಿ, ಜೆಸಿಬಿಯ ಬಕೆಟ್ಟಿನ ಕೆಳಗೆ, ಹಿಂದಿನ ದಿನ ಎಲೆ ಇಟ್ಟಿದ್ದ ಜಾಗದಲ್ಲಿ ಕುಳಿತುಬಿಟ್ಟಳು. ಡ್ರೈವರ್ ಎಂಜಿನ್ ನಿಲ್ಲಿಸಿದ.

ಪಿ.ಜಿ.ಯ ಹುಡುಗರು ಬಾಲ್ಕನಿಗೆ ಬಂದರು. "ಮಗಾ, ಓನರ್ ಅತ್ತೆ ಧರಣಿ ಕೂತಿದ್ದಾರೆ ಮಗಾ, ವಿಡಿಯೋ ಮಾಡು."

"ಕೈಯಲ್ಲಿ ಚಾಕು ಇದೆ ಗುರು. ಧರಣಿ ಅಲ್ಲ ಇದು."

ನಂದಕುಮಾರ್ ಓಡಿಬಂದ. "ಏಳು ಅತ್ತೆ. ಗಂಟೆ ಲೆಕ್ಕದಲ್ಲಿ ಬಂದಿದೆ ಗಾಡಿ."

"ಮಾತಾಡೋಣ ಅಂದೆಯಲ್ಲೋ ನೆನ್ನೆ?"

ಅವನು ಆಕೆಯ ತುರುಬಿಗೆ ಕೈ ಹಾಕಿ ಎಳೆದ. ಆಕೆ ಕಲ್ಲುಮಣ್ಣಿನ ಮೇಲೆ ಬೆನ್ನು ಉಜ್ಜಿಕೊಂಡು ಹಿಂದಕ್ಕೆ ಹೋದಳು. ಹುಬ್ಬಿನ ಗಾಯ ಮತ್ತೆ ಬಾಯಿ ಬಿಟ್ಟಿತು. ಅವನು ಹೊಟ್ಟೆಗೆ ಒದ್ದ. ಇನ್ನೊಮ್ಮೆ ಒದೆಯಲು ಬಗ್ಗಿದಾಗ ಚಾಕು ಅವನ ಮುಂಗೈಯಿಂದ ಮೊಣಕೈಯವರೆಗೆ ಒಂದು ಗೆರೆ ಎಳೆಯಿತು. ನಂದಕುಮಾರ್ ಕಿರುಚಿದ. ರಕ್ತ ಮಣ್ಣಿನ ಮೇಲೆ ತಟತಟನೆ ಬಿತ್ತು. ಬಾಲ್ಕನಿಯಲ್ಲಿ ನಗು ನಿಂತು, ಯಾರೋ ಪೊಲೀಸಿಗೆ ಫೋನ್ ಮಾಡಿದರು. ಮರಿಯಮ್ಮ ತೆವಳಿಕೊಂಡು ಬಂದು ಅದೇ ಜಾಗದಲ್ಲಿ ಮತ್ತೆ ಕುಳಿತಳು.

ಬಂದದ್ದು ಸಬ್‌ಇನ್‌ಸ್ಪೆಕ್ಟರ್ ಅರ್ಪಿತ, ಜೊತೆಗೆ ಇಬ್ಬರು ಪೊಲೀಸರು.

"ಅಮ್ಮಾ, ಚಾಕು ಕೆಳಗಿಡಿ. ಯಾಕೆ ಚುಚ್ಚಿದ್ರಿ?"

"ಚುಚ್ಚಿಲ್ಲ ತಾಯಿ, ಗೀಚಿದ್ದೀನಿ. ಚುಚ್ಚಿದ್ರೆ ಅವನು ಹಿಂಗೆ ನಿಂತ್ಕೊಂಡು ಬಯ್ಯಕ್ಕಾಯ್ತಿರ್ಲಿಲ್ಲ." ಮರಿಯಮ್ಮ ಚಾಕುವನ್ನು ಅವರ ಬೂಟಿನ ಹತ್ತಿರ ಇಟ್ಟಳು. "ನನ್ನನ್ನ ಕರ್ಕೊಂಡೋಗಿ. ಆದ್ರೆ ಮೊದ್ಲು ಈ ಗಾಡೀನ ಆಚೆ ಕಳಿಸಿ. ಇದರ ಕೆಳಗೆ ಒಬ್ಬ ಮನುಷ್ಯ ಅವ್ನೆ."

ಅರ್ಪಿತ ಮುದುಕಿಯ ಸೀಳಿದ ಹುಬ್ಬನ್ನೂ, ಬೈರಣ್ಣನ ಕುತ್ತಿಗೆಯ ಗೆರೆಯನ್ನೂ ನೋಡಿದರು. ಯಾರೂ ಕೇಳುವ ಮೊದಲೇ ಬೈರಣ್ಣ, "ಅವ್ವ ಮಾಡಿದ್ದು ಸಾರ್," ಎಂದ. ಮೇಡಂ ಎನ್ನಬೇಕೆಂಬುದೂ ಅವನಿಗೆ ತೋಚಲಿಲ್ಲ.

ನಂದಕುಮಾರ್‌ಗೆ ಹೊಲಿಗೆ ಹಾಕಿಸಿದರು. ಮರಿಯಮ್ಮನ ಮೇಲೂ ಕೇಸಾಯಿತು, ಜಾಮೀನು ಸಿಕ್ಕಿತು. ಬಾವಿ ತೋಡಲು ಮೇಲಿನವರ ಅನುಮತಿ ಬರುವವರೆಗೆ ಹಿತ್ತಿಲಿಗೆ ಪೊಲೀಸ್ ಕಾವಲು ಕೂತಿತು. ಸಂಗಮೇಶ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಅವನ ಊರಿನ ಹೆಸರು ಮರಿಯಮ್ಮನಿಗೆ ಮರೆತಿರಲಿಲ್ಲ. ಅಲ್ಲಿನ ಠಾಣೆಯ ಮೂಲಕ ಅವನ ತಮ್ಮ ಹಣಮಪ್ಪ ಸಿಕ್ಕಿದ. ಬಿಳಿ ಟೋಪಿ, ಹಣೆಗೆ ವಿಭೂತಿ, ಅರವತ್ತರ ಸಮೀಪದ ತೆಳ್ಳನೆಯ ರೈತ. ತೋಡುವ ದಿನ ಬೆಳಿಗ್ಗೆ ಬಸ್ಸಿಳಿದು ಬಂದ.

"ನಮ್ಮಪ್ಪ ಒಮ್ಮೆ ಹುಡುಕ್ಕೋತ ಇಲ್ಲಿಗೆ ಬಂದಿದ್ದರಿ," ಎಂದು ಅವನು ಅರ್ಪಿತರಿಗೆ ಹೇಳಿದ. "ಈ ಮನಿಯವ್ರು ಭಾಳ ಚಲೋ ನೋಡಿಕೊಂಡ್ರಂತ. ಮಜ್ಜಗಿ ಕೊಟ್ಟಿದ್ರಂತ. ನಿಮ್ಮ ಮಗ ಯಾವಾಕಿ ಜೋಡಿನೋ ಬೊಂಬಾಯಿಗೆ ಹೋದ ಅಂದ್ರಂತ. ಅಪ್ಪ ಸಾಯೋ ಮಟ ಅವನ ಹೆಸರ ಎತ್ತಲಿಲ್ಲ."

ಮರಿಯಮ್ಮ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು. ಸಂಗಮೇಶನಿಗೆ ಊರಿನಲ್ಲಿ ಹೆಂಡತಿ ಇದ್ದಳೇ ಎಂದು ಕೇಳಬೇಕೆಂದಿದ್ದಳು. ಕೇಳಬೇಕಾಗಲಿಲ್ಲ. "ಮದವಿ ಆಗಿರಲಿಲ್ಲರಿ ಅವಂದು," ಎಂದು ಹಣಮಪ್ಪನೇ ಹೇಳಿದ.

ಕೂಲಿಯವರು ಕೈಯಿಂದಲೇ ತೋಡಿದರು. ಮೊದಲು ಇಟ್ಟಿಗೆಚೂರು, ಹಳೆಯ ಹಂಚು, ಕಸ. ಕೆಳಕ್ಕೆ ಇಳಿದಂತೆ ಒಂದರ ಮೇಲೊಂದು ಕಲ್ಲುಚಪ್ಪಡಿಗಳು. ಉಳಿಯ ಗುರುತು ಇನ್ನೂ ಇತ್ತು. ಅದು ಯಾರ ಉಳಿಯ ಗುರುತೆಂದು ಹೇಳಲಾಗದು, ಆ ಗುಂಪಿನವರದೇ. ಚಪ್ಪಡಿಗಳನ್ನು ಹಗ್ಗ ಕಟ್ಟಿ ಮೇಲೆತ್ತಿದರು. ಕೊನೆಯದನ್ನು ಎತ್ತಿದ ಮೇಲೆ ಕೆಳಗಿದ್ದವನು ಕೂಗಿ, ಹಗ್ಗ ಹಿಡಿದು ಮೇಲೆ ಬಂದು, ಹಿತ್ತಿಲಿನ ಮೂಲೆಗೆ ಹೋಗಿ ವಾಂತಿ ಮಾಡಿದ.

ಪೊಲೀಸರು ಬೇಡವೆಂದರೂ ಮರಿಯಮ್ಮ ಬಗ್ಗಿ ನೋಡಿದಳು. ಸಂಗಮೇಶ ಮಲಗಿರಲಿಲ್ಲ. ಬಾವಿಯ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ ಕುಳಿತಿದ್ದ. ಎದೆಯ ಮೂಳೆಗಳು ಪುಡಿಯಾಗಿದ್ದವು. ಎರಡೂ ತೋಳಿನ ಮೂಳೆಗಳು ತಲೆಗಿಂತ ಮೇಲೆ, ಮಣ್ಣಿನಲ್ಲಿ ಅಂಟಿಕೊಂಡಿದ್ದವು. ಮೇಲಿನಿಂದ ಬರುವುದನ್ನು ತಡೆಯಲು ಎತ್ತಿದ ಹಾಗೆ. ಪಕ್ಕೆಲುಬುಗಳ ನಡುವೆ ಕಪ್ಪಾದ ಬೆಳ್ಳಿಯ ಕರಡಿಗೆ ಸಿಕ್ಕಿತು, ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಕರಡಿಗೆ. ಹಣಮಪ್ಪ ಅದನ್ನು ನೋಡಿ ನೆಲಕ್ಕೆ ಕುಸಿದ.

"ನಮ್ಮವ್ವ ಮಾಡಿಸಿದ್ದರಿ ಇದು," ಎಂದ. ಆಮೇಲೆ ಅಳುತ್ತ, "ನಮ್ಮಾಗ ಸತ್ತವರನ್ನ ಕುಂಡ್ರಿಸೇ ಮಣ್ಣು ಕೊಡತೀವ್ರಿ. ಆದರ ಇವನ್ನ ಯಾರೂ ಕುಂಡ್ರಿಸಿಲ್ಲ. ತಾನ ಕುಂತಾನ," ಎಂದ.

ಅರ್ಪಿತ ಬಾವಿಯ ಬಳಿ, ಮೂಳೆ ಪರೀಕ್ಷೆಗೆ ಬಂದಿದ್ದ ಡಾಕ್ಟರ್ ಜೊತೆ ಮಾತಾಡುತ್ತಿದ್ದರು. ಬೈರಣ್ಣನನ್ನು ಸೀಬೆಮರದ ಕೆಳಗೆ ಕೂರಿಸಿದ್ದರು. ಪೊಲೀಸಿನವನು ಬಾವಿ ನೋಡಲು ನಾಲ್ಕು ಹೆಜ್ಜೆ ಆಚೆ ಹೋಗಿದ್ದ. ಮರಿಯಮ್ಮ ಅಣ್ಣನ ಎದುರಿಗೆ ಹೋಗಿ ನಿಂತಳು. ಹುಟ್ಟಿದಂದಿನಿಂದ ಅವನನ್ನು ಅಣ್ಣಯ್ಯ ಎಂದಲ್ಲದೆ ಕರೆದವಳಲ್ಲ.

"ಲೇ ಬೈರ, ಸತ್ತೋನು ಎದ್ದು ಕೂತ್ಕೋತಾನೇನ್ಲಾ?"

ಬೈರಣ್ಣ ಕುಳಿತಲ್ಲೇ ಮರದ ಬುಡಕ್ಕೆ ಸರಿದ.

"ಅವ್ವ ಒನಕೇಲಿ ಹೊಡುದ್ಲು ಅಂದೆ. ಅಲ್ಲೇ ಪ್ರಾಣ ಹೋಯ್ತು ಅಂದೆ. ಕೈ ಎತ್ಕೊಂಡು ಕೂತವ್ನಲ್ಲೋ!"

"ಸತ್ತ ಅಂತಾನೇ ಹಾಕಿದ್ವಿ," ಎಂದ ಬೈರಣ್ಣ, ಬಹಳ ಸಣ್ಣ ದನಿಯಲ್ಲಿ. "ನೀರು ಕಮ್ಮಿ ಇತ್ತು. ಅವ್ವ ಒಳಕ್ಕೋದ್ಲು. ನಾನು ಒಬ್ನೇ ಇದ್ದೆ. ಕೆಳಗಿಂದ ಕೂಗ್ದ."

"ಏನಂತ ಕೂಗ್ದ?"

"ನಿನ್ನ ಹೆಸ್ರು. ಮರಿಯವ್ವಾ, ಮರಿಯವ್ವಾ ಅಂತ. ನೀನು ಮನೇಲಿದ್ದೀಯ ಅನ್ಕೊಂಡಿದ್ನೇನೋ. ಅಕ್ಕಪಕ್ಕದೋರು ಕೇಳುಸ್ಕೋತಾರೆ, ನಮ್ಮ ಮನೆ ಹೆಣ್ಮಗಳ ಹೆಸ್ರು ಬಾವಿಯಿಂದ ಬತ್ತಾ ಐತೆ ಅಂತ... ನಂಗೆ ಏನೂ ತೋಚಲಿಲ್ಲ. ಚಪ್ಪಡಿ ನೂಕ್ದೆ. ಇನ್ನೊಂದು ನೂಕ್ದೆ. ಕೂಗೋದು ನಿಲ್ಲೋವರ್ಗೂ ನೂಕ್ದೆ."

ಮರಿಯಮ್ಮ ಅವನಿಗೆ ಹೊಡೆಯಲಿಲ್ಲ. ಹೊಡೆಯುವ ಶಕ್ತಿ ಆ ಹೊತ್ತಿಗೆ ತನ್ನ ಕೈಯಲ್ಲಿರಲಿಲ್ಲ ಎಂದು ಆಕೆ ಹೇಳುತ್ತಾಳೆ.

ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಬೈರಣ್ಣ ಹಳೆಯ ಮಾತಿಗೇ ಅಂಟಿಕೊಂಡ. ಹೊಡೆದದ್ದು ತಾಯಿ, ಕೊಂದದ್ದು ತಾಯಿ, ತಾನು ಹೆಣ ಮುಚ್ಚಿದೆ ಅಷ್ಟೇ. ಸೀಬೆಮರದ ಕೆಳಗೆ ಆಡಿದ್ದನ್ನು ಮರಿಯಮ್ಮ ಒಬ್ಬಳೇ ಕೇಳಿದ್ದಳು. ಅದನ್ನು ಆಕೆ ಹೇಳುತ್ತಾಳೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿತು. ಹೇಳಿಕೆ ಕೊಡುವ ದಿನ ಠಾಣೆಯ ಎದುರಿನ ಟೀ ಅಂಗಡಿಯ ಬಳಿ ನಂದಕುಮಾರ್ ಕಾದಿದ್ದ. ತೋಳಿಗೆ ಬ್ಯಾಂಡೇಜು.

"ಅತ್ತೆ, ಅಪ್ಪನಿಗೆ ಶುಗರ್ ಇದೆ. ಜೈಲಲ್ಲಿ ಒಂದು ವಾರ ಬದುಕಲ್ಲ. ಅಜ್ಜಿ ಮೇಲೆ ಹಾಕ್ಬಿಡು. ಸತ್ತೋರಿಗೆ ಯಾವ ಜೈಲು?"

"ಅವ್ವ ಹೊಡುದ್ಲು. ಅದುನ್ನೂ ಹೇಳ್ತೀನಿ. ಮಿಕ್ಕಿದ್ದುನ್ನೂ ಹೇಳ್ತೀನಿ."

"ನಲವತ್ತು ವರ್ಷ ಅವನನ್ನ ಬೈಕೊಂಡೇ ಬದುಕಿದ್ದೀಯಲ್ಲ? ಈಗೇನು ಹೊಸದಾಗಿ ಪ್ರೀತಿ?"

ಅದೊಂದು ಮಾತು ಮರಿಯಮ್ಮನಿಗೆ ಒದೆಗಿಂತ ಜೋರಾಗಿ ತಾಗಿತ್ತು.

ನಂದಕುಮಾರ್ ಹತ್ತಿರ ಬಂದು ದನಿ ತಗ್ಗಿಸಿದ. "ಒಳಗೆ ಹೋಗಿ ಬಾಯಿ ಬಿಟ್ಟರೆ ನಿನ್ನನ್ನೂ ಅಲ್ಲೇ ಹೂತುಬಿಡ್ತೀನಿ, ನೋಡು."

"ಆ ಬಾವಿ ಪೊಲೀಸ್ನೋರ ತಾವ ಐತೆ ಕಣೋ. ಇನ್ನೊಂದು ತೋಡ್ಬೇಕು ನೀನು," ಎಂದು ಮರಿಯಮ್ಮ ಅವನನ್ನು ದಾಟಿ ಮೆಟ್ಟಿಲು ಹತ್ತಿದಳು.

ಒಳಗೆ ಅರ್ಪಿತ ಕೇಳಿದ್ದಕ್ಕೆಲ್ಲ ಮರಿಯಮ್ಮ ಉತ್ತರ ಕೊಟ್ಟಳು. ಸಂಗಮೇಶ ತನ್ನ ಹೆಸರು ಕೂಗಿದ್ದನ್ನು ಹೇಳುವಾಗ ಮಾತ್ರ ನಿಲ್ಲಿಸಿ, ನೀರು ಕುಡಿದು, ಮತ್ತೆ ಮೊದಲಿನಿಂದ ಹೇಳಿದಳು. ಅದು ತಪ್ಪಿಲ್ಲದೆ ದಾಖಲಾಗಬೇಕಿತ್ತು. ಮರುದಿನ ಅದನ್ನು ಬೈರಣ್ಣನಿಗೆ ಓದಿ ಹೇಳಿದಾಗ ಅವನು ಅಲ್ಲವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ತನ್ನನ್ನು ಗೋಡೆಯ ಕಡೆ ತಿರುಗಿಸಿ ಕುಳ್ಳಿರಿಸಿ ಎಂದು ಕೇಳಿಕೊಂಡನಂತೆ. ಅವನು ಈಗ ಜೈಲಿನಲ್ಲಿ ವಿಚಾರಣೆಗೆ ಕಾಯುತ್ತಿದ್ದಾನೆ. ಒಂದು ವಾರವಲ್ಲ, ಇನ್ನೂ ಬದುಕಿದ್ದಾನೆ.

ಪರೀಕ್ಷೆಗಳೆಲ್ಲ ಮುಗಿದು ಮೂಳೆಗಳನ್ನು ಬಿಟ್ಟುಕೊಟ್ಟಾಗ ಬೇಸಿಗೆ ಬಂದಿತ್ತು. ಹಣಮಪ್ಪ ಊರಿನಿಂದ ಒಂದು ಟೆಂಪೋ ತಂದಿದ್ದ. ಶವಾಗಾರದ ಹಿಂಬಾಗಿಲಿನಲ್ಲಿ ಎಲ್ಲವನ್ನೂ ಹೊಸ ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಗಂಟು ಬಹಳ ಚಿಕ್ಕದಾಗಿತ್ತು. ಮರಿಯಮ್ಮ ದೂರದಲ್ಲೇ ನಿಂತಿದ್ದಳು. ಆಕೆ ಅಂದು ಅಂಗಡಿ ತೆರೆದಿರಲಿಲ್ಲ. ತಲೆಗೆ ಸ್ನಾನ ಮಾಡಿ ಬಂದಿದ್ದಳು. ಆದರೂ ಕೋಳಿ ಕೊಯ್ಯುವ ಕೈ ಎಂದು ಗಂಟನ್ನು ಮುಟ್ಟಲು ಹೋಗಲಿಲ್ಲ.

ಹಣಮಪ್ಪ ಟೆಂಪೋದ ಬಾಗಿಲು ತೆರೆದು ಆಕೆಯ ಬಳಿ ಬಂದ.

"ವೈನಿ, ನೀವೂ ಬರ್ರಿ. ನೀವಿಲ್ಲದ ಮಣ್ಣು ಕೊಡೂದು ಹ್ಯಾಂಗ?"

"ಏನಂದ್ರಿ? ವೈನಿ ಅಂದ್ರೆ?"

"ಅಣ್ಣನ ಹೇಂತಿಗೆ ನಮ್ಮ ಕಡೆ ಹಂಗ ಅಂತಾರ್ರಿ. ನಿಮ್ಮ ಕಡೆ ಅತ್ತಿಗಿ ಅಂತೀರಲ್ಲ, ಅದ."

ಮರಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾನು ಬಾಡು ಮಾರೋಳು ಕಣಪ್ಪ. ನಿಮ್ಮನೇಲಿ ಒಪ್ತಾರಾ?"

"ಯಾರನ್ನೂ ಕೇಳಿ ಬಂದಿಲ್ಲರಿ ನಾ. ನಡೀರಿ, ಬಿಸಲ ಏರತೈತಿ."

ಡ್ರೈವರ್ ಪಕ್ಕದ ಸೀಟನ್ನು ಆಕೆಗೆಂದು ಒರೆಸಿಟ್ಟಿದ್ದರು. ಮರಿಯಮ್ಮ ಅಲ್ಲಿ ಕೂರಲಿಲ್ಲ. ಹಿಂದೆ ಹೋಗಿ, ತಗಡಿನ ನೆಲದ ಮೇಲೆ ಗಂಟಿನ ಪಕ್ಕ ಕುಳಿತಳು. ಸಿಲ್ಕ್ ಬೋರ್ಡಿನ ಕಡೆಯಿಂದ ಬೇಡ, ಅಲ್ಲಿ ಟ್ರಾಫಿಕ್ ಜಾಸ್ತಿ ಎಂದು ಡ್ರೈವರ್‌ಗೆ ಕೂಗಿ ಹೇಳಿದಳು. ಗಾಡಿ ಹೊರಟು ಮೊದಲ ಹಂಪು ಹಾರಿದಾಗ ಗಂಟು ಜಾರಿತು. ಆಕೆ ಅದನ್ನು ಎರಡೂ ಕೈಯಿಂದ ಹಿಡಿದು ಮಡಿಲಿಗೆ ತೆಗೆದುಕೊಂಡಳು.